ಮುಂಬಯಿ ಕನ್ನಡ ಕಥನದಲ್ಲಿ ಅಸಮಾನತೆಯ ನೆಲೆಗಳು: ಕಳವಾದಿಂದ ಒಂದು ಓದು

‘ಮುಂಬಯಿ ಕನ್ನಡಿಗ’ ಎಂಬ ಮಾತು ಒಂದೇ ಅಖಂಡ ಸಮುದಾಯವನ್ನು ಸೂಚಿಸುವಂತೆ ನಮ್ಮ ಅಧ್ಯಯನಗಳಲ್ಲಿ ಬಳಕೆಯಾಗುತ್ತ ಬಂದಿದೆ. ಈ ಅಖಂಡತೆಯನ್ನು ಪ್ರಶ್ನಿಸಲು ಕಳವಾ ತಕ್ಕ ನೆಲೆ. ಠಾಣೆಯ ಖಾಡಿಗೂ ಪಾರ್ಸಿಕ್ ಗುಡ್ಡಕ್ಕೂ ನಡುವಣ ಈ ಊರು 1960ರ ದಶಕದಲ್ಲಿ ಬೆಳೆದ ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯ ಉತ್ತರದ ತುದಿ. ವಸತಿ ಸಂಘಗಳ ಕಟ್ಟಡಗಳೂ ಗುಡ್ಡದ ಇಳಿಜಾರಿನ ಜೋಪಡಿಗಳೂ ಇಲ್ಲಿ ಒಂದೇ ರೈಲು ನಿಲ್ದಾಣವನ್ನು ಆಶ್ರಯಿಸಿವೆ. ಇಂಥ ನೆಲೆಯಲ್ಲಿ ನಿಂತು ಮುಂಬಯಿಯ ಕಥನಸಾಹಿತ್ಯವನ್ನು ಓದಿದರೆ ಅದು ಅಸಮಾನತೆಯ ಯಾವ ಮುಖಗಳನ್ನು ಕಂಡಿದೆ ಎಂಬುದು ಸ್ಪಷ್ಟವಾಗುತ್ತದೆ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಆರೋಪ ಹೊರಿಸಿ ಕೆಲಸದಿಂದ ದೂರವಿರಿಸುವ ಪ್ರಸಂಗದಿಂದ ಬೆಳೆಯುತ್ತದೆ. ಇಲ್ಲಿ ಅಸಮಾನತೆಯು ಹುದ್ದೆಯ ಶ್ರೇಣಿಯಾಗಿ, ಅದಕ್ಕಿಂತ ಮಿಗಿಲಾಗಿ ಭಯವಾಗಿ ಅನುಭವಕ್ಕೆ ಬರುತ್ತದೆ. ಅಧಿಕಾರವು ವ್ಯಕ್ತಿಯ ಅಂತರಂಗವನ್ನು ಕುಗ್ಗಿಸುವ ಪರಿಯನ್ನು ಇಷ್ಟು ಸೂಕ್ಷ್ಮವಾಗಿ ಶೋಧಿಸಿದ ಕೃತಿಗಳು ವಿರಳ. ಆದರೆ ಯಂತ್ರದ ಬಳಿ ನಿಂತವನು ಕಥನದ ಕೇಂದ್ರಕ್ಕೆ ಬರುವುದಿಲ್ಲ. 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ವು ಕಾರ್ಮಿಕ-ಮಾಲಕ ಸಂಘರ್ಷವನ್ನೇ ವಸ್ತುವಾಗಿಸಿಕೊಂಡು, ಕಾರಣವನ್ನು ವರ್ಗಸಂಬಂಧದಲ್ಲಿ ಗುರುತಿಸಿತು.

ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯ ದೃಷ್ಟಿ ಬೇರೆ. ಅನಾಥನಾಗಿ ಬೆಳೆದ ಪೋಪಟ್ ಹಾಗೂ ಆಸಾವರಿ ಮದುವೆಯ ಆಮಂತ್ರಣವನ್ನು ರೂಪಿಸತೊಡಗಿದಾಗ ಅಡ್ಡಹೆಸರಿನ ಪ್ರಶ್ನೆ ಎದುರಾಗುತ್ತದೆ. ಅಚ್ಚಾಗಬೇಕಾದ ಒಂದು ಪದ ಊರು, ಜಾತಿ, ಮನೆತನಗಳನ್ನೆಲ್ಲ ಕೇಳುತ್ತದೆ. ಬಡತನವೆಂದರೆ ಹಣದ ಅಭಾವವಷ್ಟೇ ಅಲ್ಲ, ಹೇಳಿಕೊಳ್ಳಬಲ್ಲ ಪೂರ್ವಾಪರದ ಅಭಾವವೂ ಹೌದು ಎಂಬುದನ್ನು ಕತೆ ಕಾಣಿಸುತ್ತದೆ.

ಆದರೂ ಒಂದು ಅಂತರ ಉಳಿಯುತ್ತದೆ. ಕರಾವಳಿಯಿಂದ ಬಂದ ಅನೇಕರಿಗೆ ಹೋಟೆಲು, ಜಾತಿಸಂಘ, ರಾತ್ರಿಶಾಲೆಗಳ ಆಸರೆಯಿತ್ತು. ಹಗಲು ದುಡಿದು ರಾತ್ರಿ ಓದಿದವನು ಗುಮಾಸ್ತನಾಗಬಲ್ಲವನಾದ. ಕಲಬುರಗಿ, ವಿಜಯಪುರಗಳ ಮಳೆಯಾಶ್ರಿತ ಹೊಲಗಳನ್ನು ಬಿಟ್ಟು ಕಟ್ಟಡದ ಕೆಲಸಕ್ಕೆ ಸಂಸಾರಸಮೇತ ಬಂದವರಾದರೋ ಕೆಲಸ ಮುಗಿದಂತೆ ನೆಲೆ ಬದಲಿಸಬೇಕು. ಮಕ್ಕಳ ಓದು ನಡುವೆಯೇ ನಿಲ್ಲುತ್ತದೆ. ತಂದೆಯ ಪಾಲಿಗೆ ಪರಿಣಾಮವಾಗಿದ್ದುದು ಮಗನ ಪಾಲಿಗೆ ಕಾರಣವಾಗುತ್ತದೆ. ಲೇಖಕರು ಬಹುಮಟ್ಟಿಗೆ ಮೊದಲನೆಯ ವಲಸೆಯಿಂದಲೇ ಬಂದುದು ಆಕಸ್ಮಿಕವಲ್ಲ.

ಆದಕಾರಣ ಈ ಕಥನದ ಮೌನಗಳನ್ನು ಲೇಖಕರ ವೈಯಕ್ತಿಕ ಮಿತಿಯೆಂದು ನಾವು ಎಣಿಸುವುದಿಲ್ಲ. ಅವು ಅಸಮಾನತೆಯದೇ ಫಲ. ಹೊರನಾಡಿನ ಸಂಶೋಧಕರು ಅಚ್ಚಾದ ಕೃತಿಗಳಲ್ಲಿಯೇ ನಿಲ್ಲದೆ, ಕಟ್ಟಡ ಕಾರ್ಮಿಕರ ಹಾಡು, ವಲಸೆಯ ನೆನಪು, ಮನೆಮಾತುಗಳನ್ನೂ ವಿಮರ್ಶೆಯ ಆಕರವಾಗಿ ಪರಿಗಣಿಸಬೇಕು. ಅಲ್ಲಿಯವರೆಗೆ ಮುಂಬಯಿ ಕನ್ನಡದ ಚರಿತ್ರೆಯು ಓದು ಬಲ್ಲವರ ಚರಿತ್ರೆಯಾಗಿಯೇ ಉಳಿಯುತ್ತದೆ.