ಇಲಿಯ ಪಾತ್ರ

ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದು, "ಅಜ್ಜಿ, ನಾನು ಇಲಿ!" ಎಂದು ಮನೆಯೆಲ್ಲ ಕುಣಿದಳು. ಈ ಸಲ ವಾರ್ಷಿಕೋತ್ಸವಕ್ಕೆ 'ಕಿಂದರಿಜೋಗಿ' ಆಡಿಸುತ್ತಾರಂತೆ. ಸೊಸೆಯ ಮುಖ ಮಾತ್ರ ಇಳಿದುಹೋಯಿತು. "40 ಇಲಿಗಳಲ್ಲಿ ಇವಳೂ ಒಂದು, ನೋಡಿ ಅತ್ತೆ. ಎರಡು ಮಾತಿರುವ ಪಾತ್ರವನ್ನಾದರೂ ಕೊಡಬಾರದಿತ್ತೆ? ಮುಖವಾಡ ಹಾಕಿಕೊಂಡರೆ ನಮ್ಮ ಮಗು ಯಾವುದೆಂದು ನಮಗೇ ತಿಳಿಯುವುದಿಲ್ಲ."

ನಾನು ಆಗ ಸುಮ್ಮನಿದ್ದೆ. 30 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು, ಅಷ್ಟೂ ವರ್ಷ ಮಕ್ಕಳಿಗೆ ಬಣ್ಣ ಹಚ್ಚಿದವಳು ನಾನು. ಹೇಳುವುದು ಬಹಳ ಇತ್ತು. ಅದನ್ನು ಇಲ್ಲಿ ಹೇಳುತ್ತೇನೆ.

ಈ ನಾಟಕದ ಹೆಚ್ಚುಗಾರಿಕೆ ಇರುವುದೇ ಇಲಿಗಳಲ್ಲಿ. ಕಥೆ ಮೂಲತಃ ಜರ್ಮನಿಯ ಹ್ಯಾಮೆಲಿನ್ ಊರಿನದು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು ಪದ್ಯವಾಗಿ ಬರೆದದ್ದು ಕಾಯಿಲೆಯಿಂದ ಮನೆಯಲ್ಲೇ ಉಳಿದಿದ್ದ ಒಬ್ಬ ಹುಡುಗನಿಗಾಗಿ. ಮೆಕ್ರೆಡಿ ಎಂಬ ನಟನ ಮಗ ವಿಲ್ಲಿ ಅದಕ್ಕೆ ಚಿತ್ರ ಬರೆದುಕೊಂಡು ಬೇಸರ ಕಳೆಯಲಿ ಎಂದು. 1842ರಲ್ಲಿ ಅದು ಅಚ್ಚಾಯಿತು. ಕುವೆಂಪು ಅವರು ಕಥೆಯನ್ನು ತುಂಗೆಯ ದಡಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬರೆದ ಮೇಲೆ ಅದು ನಮ್ಮದೇ ಆಗಿಬಿಟ್ಟಿತು.

ಶಾಲೆಗೆ ಹೇಳಿ ಮಾಡಿಸಿದಂಥ ಕಥೆ ಇದು. ಇಲಿಗಳಾಗಿ ಎಷ್ಟು ಮಕ್ಕಳು ಬೇಕಾದರೂ ಬರಬಹುದು. ಹೊಳೆಗೆ ಬಿದ್ದ ಇಲಿಗಳೇ ಬಾಲ ಬಿಚ್ಚಿಟ್ಟು ಊರ ಮಕ್ಕಳಾಗಿ ಮತ್ತೆ ಬರಬಹುದು. ರವೀಂದ್ರನಾಥ ಠಾಕೂರರ ಕಥೆಯಿಂದ ಬಿ. ವಿ. ಕಾರಂತರು ಮಾಡಿದ 'ಪಂಜರ ಶಾಲೆ'ಯೂ ನನಗೆ ಇಷ್ಟವೇ. ಶಾಲೆಯನ್ನೇ ಗೇಲಿ ಮಾಡುವ ಧೈರ್ಯ ಅದಕ್ಕಿದೆ. ಆದರೆ ಆ ಗೇಲಿ ಮೊದಲು ತಟ್ಟುವುದು ದೊಡ್ಡವರಿಗೆ. ಕಿಂದರಿಜೋಗಿಯಲ್ಲಿ ಒಂದನೇ ತರಗತಿಯ ಮಗುವಿಗೂ ಮಾಡಲು ಕೆಲಸವಿದೆ. ಏಳನೆಯವರು ಒಂದನೆಯವರಿಗೆ ಬಾಲ ಕಟ್ಟಬೇಕು, ಪರದೆಯ ಹಿಂದಿನ ಕತ್ತಲಲ್ಲಿ ಕೈ ಹಿಡಿದುಕೊಳ್ಳಬೇಕು, ಅಳುವ ಇಲಿಗೆ ನೀರು ಕುಡಿಸಬೇಕು. ನೀತಿ ಪಾಠದ ಪುಸ್ತಕದಲ್ಲಿ ವರ್ಷವಿಡೀ ಓದಿದ ದಯೆ ಮಕ್ಕಳ ಕೈಗೆ ಬರುವುದು ಆ ಒಂದು ತಿಂಗಳ ಅಭ್ಯಾಸದಲ್ಲಿ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಹಳ್ಳಿಯ ಮಗುವೊಂದು ತಾಲ್ಲೂಕು, ಜಿಲ್ಲೆಯ ವೇದಿಕೆ ಹತ್ತುವುದು ಸಣ್ಣ ಮಾತಲ್ಲ. ಆದರೆ ಅಲ್ಲಿ ಪಕ್ಕದ ಮಗು ಎದುರಾಳಿ. ಇನ್ನು ಸಿನಿಮಾ ಹಾಡಿನ ನೃತ್ಯಗಳೋ, ಬಾಡಿಗೆ ಉಡುಪಿಗೆ ದುಡ್ಡು ಕೊಡಬಲ್ಲವರ ಮಕ್ಕಳೇ ಮುಂದಿನ ಸಾಲು. ಇಲಿಯ ಬಾಲಕ್ಕೆ ಹಳೆಯ ಸೀರೆಯ ಅಂಚು ಸಾಕು.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಮಾಡಿದ ತಪ್ಪನ್ನು ಮುಚ್ಚಿಡಬಾರದು.

1991ರಲ್ಲಿ ಇದೇ ನಾಟಕವನ್ನು ನಾನು ಆಡಿಸಿದೆ. ಬ್ರೌನಿಂಗನ ಪದ್ಯದಲ್ಲಿ ಒಬ್ಬ ಕುಂಟ ಹುಡುಗನಿದ್ದಾನೆ. ಉಳಿದವರ ಜೊತೆ ಕುಣಿದು ಸಾಗಲಾರದೆ ಹಿಂದುಳಿಯುತ್ತಾನೆ. ಅವನು ಬರುವಷ್ಟರಲ್ಲಿ ಬೆಟ್ಟದ ಬಾಗಿಲು ಮುಚ್ಚಿರುತ್ತದೆ. ಆ ದೃಶ್ಯ ನಮ್ಮ ನಾಟಕದಲ್ಲೂ ಇತ್ತು. ಐದನೆಯ ತರಗತಿಯಲ್ಲಿ ಪೋಲಿಯೋದಿಂದ ಕಾಲು ಸೊರಗಿದ ಹುಡುಗನೊಬ್ಬನಿದ್ದ. ಆ ಪಾತ್ರವನ್ನು ನಾನು ಅವನಿಗೆ ಕೊಡಲಿಲ್ಲ. ಚೆನ್ನಾಗಿ ಅಳಬಲ್ಲ ಇನ್ನೊಬ್ಬನಿಗೆ ಕೊಟ್ಟೆ. ಇವನನ್ನು ಇಲಿಯನ್ನಾಗಿಯೂ ಮಾಡಲಿಲ್ಲ, ಸಾಲು ಕೆಡುತ್ತದೆ ಎಂದು. ಪರದೆ ಎಳೆಯಲು ನಿಲ್ಲಿಸಿ, ಅವನಿಗೂ ಕೆಲಸ ಕೊಟ್ಟೆನಲ್ಲ ಎಂದು ಸಮಾಧಾನ ಪಟ್ಟುಕೊಂಡೆ.

ನಾಟಕ ಗೆದ್ದಿತು. ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕುಂಟ ಹುಡುಗನ ಪಾತ್ರಧಾರಿಯನ್ನು ನಾನೂ ಬೆನ್ನು ತಟ್ಟಿದೆ. ಆಗ ಪರದೆಯ ಹಗ್ಗ ಸುತ್ತುತ್ತಿದ್ದ ಹುಡುಗ ನಗುತ್ತ ಹೇಳಿದ: "ಮಿಸ್, ಅವನಿಗೆ ಕುಂಟೋದನ್ನ ನಾನೇ ಹೇಳಿಕೊಟ್ಟಿದ್ದು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯಿತ್ತು. ಅದೇ ನನಗೆ ತಡೆಯಲಾಗಲಿಲ್ಲ. ನಾನು ಕಲಿಸಬೇಕೆಂದಿದ್ದ ದಯೆಯನ್ನು ಅವನು ನನಗೆ ಗೊತ್ತಿಲ್ಲದಂತೆ ಗೆಳೆಯನಿಗೆ ತೋರಿಸಿಯಾಗಿತ್ತು. ಬೆಟ್ಟದ ಬಾಗಿಲನ್ನು ಅವನ ಮುಂದೆ ಮುಚ್ಚಿದವಳು ನಾನು. ಮುಂದಿನ ವರ್ಷ ಸರಿಪಡಿಸೋಣವೆಂದರೆ ಅವನ ತಂದೆಗೆ ಬೇರೆ ಊರಿಗೆ ವರ್ಗವಾಗಿತ್ತು.

ಅಲ್ಲಿಂದ ಮುಂದೆ ನನ್ನ ತರಗತಿಯ ಒಂದು ಮಗುವೂ ರಂಗದಿಂದ ಹೊರಗುಳಿಯಲಿಲ್ಲ. ತೊದಲುವವಳು ತಮಟೆ ಬಾರಿಸಿದಳು, ಕಣ್ಣು ಮಂದವಾದವನು ಮೇಳದಲ್ಲಿ ಹಾಡಿದ. ಸಾಲು ಕೆಟ್ಟಿತು, ನಿಜ. ನೋಡಿದವರು ಯಾರೂ ದೂರಲಿಲ್ಲ. ವಿಕಲಚೇತನ ಮಕ್ಕಳಿಗೆ ಪಾಠದಲ್ಲಷ್ಟೇ ಅಲ್ಲ, ಆಟೋಟ ಮನರಂಜನೆಗಳಲ್ಲೂ ಸಮಾನ ಅವಕಾಶ ಕೊಡಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಒಳ್ಳೆಯದೇ. ಆದರೆ ಯಾರು ಇಲಿ, ಯಾರು ಪರದೆ ಎಳೆಯುವವರು ಎಂದು ತೀರ್ಮಾನವಾಗುವ ಹೊತ್ತಿನಲ್ಲಿ ಅಲ್ಲಿರುವುದು ನನ್ನಂಥ ಒಬ್ಬ ಟೀಚರ್ ಮಾತ್ರ. ಹೊರಗೆ ಗೇಟಿನ ಬಳಿ ನಮ್ಮ ನಿಮ್ಮಂಥ ತಾಯಂದಿರು. ನಮ್ಮ ಮಗುವಿಗೆ ಯಾವ ಪಾತ್ರ ಎಂದು ಕೇಳುವಾಗ, ಪಾತ್ರ ಸಿಗದ ಮಕ್ಕಳು ಯಾರಾದರೂ ಇದ್ದಾರೆಯೇ ಎಂದೂ ಒಂದು ಮಾತು ಕೇಳಿದರೆ ಟೀಚರಿಗೂ ನೆನಪಾದೀತು.

ನಿನ್ನೆ ಸಂಜೆ ಬಾಲ ಹೊಲಿಯಲು ಕುಳಿತಿದ್ದೆ. ಮೊಮ್ಮಗಳು ಬಂದು, "ಎರಡು ಹೊಲಿ ಅಜ್ಜಿ" ಎಂದಳು. ಅವಳ ಪಕ್ಕದ ಇಲಿಯ ಅಮ್ಮ ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಯುತ್ತಾಳಂತೆ, ಮನೆಗೆ ಬಂದ ಮೇಲೆ ಹೊಲಿಯಲು ಕೈ ಏಳುವುದಿಲ್ಲವಂತೆ. ಒಳಗಿನಿಂದ ಸೊಸೆ ಕೇಳಿಸಿಕೊಂಡಳೆಂದು ಕಾಣುತ್ತದೆ. ತನ್ನ ಹಳೆಯ ಬೂದು ಸೀರೆಯೊಂದನ್ನು ತಂದು ನನ್ನ ಮುಂದಿಟ್ಟು, ಕತ್ತರಿ ಹಿಡಿದು ಪಕ್ಕದಲ್ಲಿ ಕುಳಿತಳು.