ವಿಮಾನ ಹತ್ತುವವರೆಗಿನ ಕಾವಲು

ಹೈದರಾಬಾದಿನ ಹಳೇ ನಗರದಿಂದ ಎಷ್ಟೋ ಹೆಂಗಸರು ಮನೆಗೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ವಿದೇಶಕ್ಕೆ ಹಾರಲು ಬೀದರ್, ಕಲಬುರಗಿ ಕಡೆಯವರಿಗೂ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣವೇ ಹತ್ತಿರ. ಇವರನ್ನು ಕಾಯಬೇಕಾದ ನಮ್ಮ ವ್ಯವಸ್ಥೆ ಅವರು ಹೊರಡುವ ತನಕ ಎಚ್ಚರವಾಗಿರುತ್ತದೆ, ಹೊರಟ ಮೇಲೆ ಕೈಚೆಲ್ಲುತ್ತದೆ. ಅದರ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ.

1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ದಾಟದವರು ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಹೆಂಗಸರಾದರೆ ವಯಸ್ಸು 30 ತುಂಬಿರಬೇಕು. 2016ರಲ್ಲಿ ಅವರನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕೆಂಬ ನಿಯಮವೂ ಬಂತು. ತೆಲಂಗಾಣದಲ್ಲಿ ಆ ಹೊಣೆ ರಾಜ್ಯ ಸರ್ಕಾರದ ಟಾಮ್‌ಕಾಮ್‌ನದು. ಉದ್ದೇಶ ಒಳ್ಳೆಯದೇ. ಆದರೆ ಸಾಲದ ಬಡ್ಡಿ ಏರುತ್ತಿರುವ 26ರ ತಾಯಿ ಮೂವತ್ತಾಗಲೆಂದು ಕಾದು ಕೂರುವುದಿಲ್ಲ. ಏಜೆಂಟ್ ವಿಸಿಟ್ ವೀಸಾ ಹೊಂದಿಸಿಕೊಡುತ್ತಾನೆ. ಅಲ್ಲಿಗೆ ಆಕೆಯ ಹೆಸರು ಯಾವ ಸರ್ಕಾರಿ ಕಡತದಲ್ಲೂ ಇರುವುದಿಲ್ಲ, ಮಾಲೀಕ ಸಹಿ ಹಾಕಿದ ಕರಾರೂ ಇರುವುದಿಲ್ಲ. ಹೊಡೆತ ತಿಂದರೂ ದೂರು ಕೊಡಲು ಹೆದರುತ್ತಾಳೆ, ನಿಯಮ ಮುರಿದವಳು ತಾನೇ ಎಂದು.

ಕಾಗದಪತ್ರ ಸರಿಯಿದ್ದವಳಿಗೂ ದಾರಿ ಸುಲಭವಲ್ಲ. ಎಷ್ಟೋ ಸಲ ಪಾಸ್‌ಪೋರ್ಟ್, ಫೋನ್ ಎರಡೂ ಕಫೀಲನ, ಅಂದರೆ ವೀಸಾ ಪ್ರಾಯೋಜಿಸಿದ ಮಾಲೀಕನ, ಬೀರುವಿನಲ್ಲಿರುತ್ತವೆ. ಸಂಬಳ ತಡೆಯುವುದು, ಬೈಗುಳ, ಲೈಂಗಿಕ ಕಿರುಕುಳ ಎಲ್ಲವೂ ನಾಲ್ಕು ಗೋಡೆಗಳ ನಡುವೆ, ಸಾಕ್ಷಿ ಹೇಳುವವರಿಲ್ಲ. ತಪ್ಪಿಸಿಕೊಂಡು ಹೊರಬಂದರೆ ಕಫೀಲ ‘ಹುರೂಬ್’, ಅಂದರೆ ಓಡಿಹೋದಳೆಂಬ ದೂರು, ದಾಖಲಿಸುತ್ತಾನೆ. ಹಿಂಸೆಗೆ ಒಳಗಾದವಳೇ ಓಡಿಹೋದ ಅಪರಾಧಿಯಾಗುತ್ತಾಳೆ. ಸೌದಿ ಅರೇಬಿಯಾ 2018ರಲ್ಲಿ ಕಿರುಕುಳದ ವಿರುದ್ಧ ಕಾನೂನು ತಂದಿತು ನಿಜ. ಆದರೆ ಕೆಲಸ ಬದಲಿಸಲು ಅವಕಾಶ ಕೊಟ್ಟ 2021ರ ಸುಧಾರಣೆ ಮನೆಗೆಲಸದವರನ್ನು ಹೊರಗಿಟ್ಟಿತು. ಬಿಟ್ಟುಹೋಗುವ ಹಕ್ಕಿಲ್ಲದವಳಿಗೆ ದೂರುವ ಹಕ್ಕಿನಿಂದ ಏನು ಪ್ರಯೋಜನ?

ಇದೇ ಹೆಂಗಸು ಹೈದರಾಬಾದಿನ ಬಂಜಾರಾ ಹಿಲ್ಸ್‌ನ ಮನೆಯೊಂದರಲ್ಲಿ ದುಡಿಯುತ್ತಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅವಳನ್ನೂ ಒಳಗೊಳ್ಳುತ್ತಿತ್ತು. ಜಿಲ್ಲೆಯ ಸ್ಥಳೀಯ ಸಮಿತಿ, ಮೇಲ್ನೋಟಕ್ಕೆ ಹುರುಳಿದೆ ಎನಿಸಿದ ದೂರನ್ನು ಏಳು ದಿನದೊಳಗೆ ಪೊಲೀಸರಿಗೆ ಕಳಿಸಬೇಕು. ಹಾಳೆಯ ಮೇಲಾದರೂ ಅಷ್ಟಿದೆ. ಅಂತರರಾಷ್ಟ್ರೀಯ ಒಡಂಬಡಿಕೆಗಳ ವಿಷಯದಲ್ಲಿ ಅಷ್ಟೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮನೆಗೆಲಸದವರ ಒಡಂಬಡಿಕೆ 2011ರದು, ಕೆಲಸದ ಜಾಗದ ಹಿಂಸೆಯನ್ನು ಕುರಿತದ್ದು 2019ರದು. ಭಾರತ ಎರಡನ್ನೂ ಅನುಮೋದಿಸಿಲ್ಲ. ನಮ್ಮವರನ್ನು ಗೌರವದಿಂದ ನಡೆಸಿಕೊಳ್ಳಿ ಎಂದು ಬೇರೆ ಸರ್ಕಾರಗಳನ್ನು ಕೇಳುವಾಗ ನಮ್ಮ ದನಿ ತಗ್ಗುವುದು ಇದರಿಂದಲೇ.

ವಿದೇಶದಲ್ಲಿರುವ ಭಾರತೀಯರ ದೂರು ಪಡೆಯುವ ಮದದ್ ಪೋರ್ಟಲನ್ನೂ ರಾಯಭಾರ ಕಚೇರಿಗಳ ಕಲ್ಯಾಣ ನಿಧಿಯನ್ನೂ ನಾನು ಕಡೆಗಣಿಸಲಾರೆ. ಅವುಗಳಿಂದ ಮನೆ ಸೇರಿದವರಿದ್ದಾರೆ. ಕತಾರ್ ಎಂದು ನಂಬಿಸಿ ಸೌದಿಗೆ ಸಾಗಿಸಲಾಗಿದ್ದ ಉಡುಪಿ ಕಡೆಯ ಮಹಿಳೆಯೊಬ್ಬರು 2017ರಲ್ಲಿ ಮರಳಿದ್ದರ ಹಿಂದೆ ಮಾನವ ಹಕ್ಕು ಹೋರಾಟಗಾರ ಡಾ. ರವೀಂದ್ರನಾಥ ಶಾನುಭಾಗರ ಪ್ರತಿಷ್ಠಾನದ ಛಲವಿತ್ತು. ಆದರೆ ಟಿಕೆಟ್ ಕೊಟ್ಟು ಕರೆತಂದ ಕೂಡಲೇ ಪ್ರಕರಣ ಮುಗಿಯಿತೆಂದರೆ ಬಾಕಿ ಸಂಬಳ ಅಲ್ಲೇ ಉಳಿಯುತ್ತದೆ, ಹೊಡೆದವನು ಮುಂದಿನ ಹುಡುಗಿಗಾಗಿ ಏಜೆಂಟನಿಗೆ ಫೋನ್ ಮಾಡುತ್ತಾನೆ.

ಕಳಿಸುವ ದೇಶ ಪಟ್ಟು ಹಿಡಿಯಬಹುದು ಎಂಬುದಕ್ಕೆ ಉದಾಹರಣೆಯಿದೆ. ಕುವೈತ್‌ನಲ್ಲಿ ತನ್ನ ಕೆಲಸಗಾರ್ತಿಯೊಬ್ಬಳ ಶವ ಫ್ರೀಜರಿನಲ್ಲಿ ಸಿಕ್ಕಾಗ ಫಿಲಿಪೀನ್ಸ್ ಅಲ್ಲಿಗೆ ಜನ ಕಳಿಸುವುದನ್ನೇ ನಿಲ್ಲಿಸಿತು. ಕುವೈತ್ ಜೊತೆಗಿನ 2018ರ ಮೇ ತಿಂಗಳ ಒಪ್ಪಂದದಲ್ಲಿ, ಕೆಲಸಗಾರ್ತಿಯ ಫೋನನ್ನು ಕಸಿಯುವಂತಿಲ್ಲ ಎಂದು ಬರೆಸಿಕೊಂಡಿತು. ನಾವೂ ಮೊದಲು ಕೇಳಬೇಕಾದದ್ದು ಅದನ್ನೇ. ಅದರ ಜೊತೆಗೆ, ಮರಳಿ ಬಂದವಳ ಹೇಳಿಕೆಯನ್ನು ಹೈದರಾಬಾದಿನಲ್ಲೇ ಬರೆದುಕೊಂಡು, ಅವಳಿಂದ ಅಧಿಕಾರ ಪತ್ರ ಪಡೆದು, ಬಾಕಿ ಸಂಬಳದ ದಾವೆಯನ್ನು ರಿಯಾದಿನಲ್ಲಿ ನಡೆಸುವ ವಕೀಲರನ್ನು ಸರ್ಕಾರವೇ ನೇಮಿಸಬೇಕು.