ಸೋಲಿನ ಸಾಲು ಮತ್ತು ತಾರೆ ಮರದ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಮೈಸೂರಿನ ಚೆಸ್ ಟೂರ್ನಿಗಳಿಗೆ ಹೋಗುವವರು ಒಂದರ ಹಿಂದೊಂದು ಆಟ ಸೋಲತೊಡಗಿದರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಶನಿ ಹೆಗಲೇರ್ಕಂಡವ್ನೆ ಕಣಪ್ಪ, ಸ್ವಲ್ಪ ದಿನ ಬುಟ್ಬುಡು." ಚೆಸ್‌ನಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ. ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಆದರೂ ಅದರ ಸೋಲನ್ನು ಹೇಳಿಕೊಳ್ಳಲು ನಮ್ಮಲ್ಲಿರುವುದು ದ್ಯೂತದ ಭಾಷೆಯೇ.

ಆ ಭಾಷೆಯ ಹಿಂದೆ ಧರ್ಮರಾಯನೂ ಇದ್ದಾನೆ, ನಳನೂ ಇದ್ದಾನೆ. ಇಬ್ಬರ ಕಥೆಯನ್ನೂ ತರಗತಿಗಳಲ್ಲಿ ವಿಧಿಯ ಕಥೆಯೆಂದೋ ವ್ಯಸನದ ಕಥೆಯೆಂದೋ ಓದಿಸುತ್ತಾರೆ. ನಳನ ವಿಷಯದಲ್ಲಿ ಈ ಓದು ಸಾಲದು ಎಂಬುದು ನನ್ನ ತಕರಾರು.

ಕನಕದಾಸರು ಭಾಮಿನಿಯಲ್ಲಿ ಬರೆದ 'ನಳಚರಿತ್ರೆ'ಯ ಮೂಲ ಮಹಾಭಾರತದ ವನಪರ್ವದಲ್ಲಿದೆ. ಅಲ್ಲಿ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ ಒಂದು ದಿನ ಕಲಿ ಅವನ ಮೈಹೊಗುತ್ತಾನೆ. ಪುಷ್ಕರನೊಡನೆ ಆಟ ತಿಂಗಳುಗಟ್ಟಲೆ ನಡೆಯುತ್ತದೆ, ನಳ ಸೋಲುತ್ತಲೇ ಹೋಗುತ್ತಾನೆ. ಇಲ್ಲಿಯವರೆಗೆ ಶನಿ ಹೆಗಲೇರಿದ ಕಥೆಯೇ. ಆದರೆ ಕಲಿ ಬಿಟ್ಟುಹೋಗುವುದು ಯಾವಾಗ? ವ್ರತದಿಂದಲ್ಲ, ಹರಕೆಯಿಂದಲ್ಲ. ಬಾಹುಕನೆಂಬ ಹೆಸರಿನಲ್ಲಿ ನಳ ಋತುಪರ್ಣನ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಒಂದು ತಾರೆ ಮರ. ಬಂಡೀಪುರದ ಕಾಡಿನಲ್ಲೂ ಬೆಳೆಯುವ ಮರವೇ ಅದು. ಹಿಂದೆ ಅದರ ಕಾಯಿಯೇ ದಾಳವಾಗಿತ್ತು. ರಾಜ ಓಡುವ ರಥದಿಂದಲೇ ಅದರ ಎಲೆ, ಕಾಯಿಗಳ ಲೆಕ್ಕ ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ. ರಾಜನಿಗೆ ಎಷ್ಟೇ ಅವಸರವಿದ್ದರೂ ರಥ ನಿಲ್ಲಿಸಿ, ಇಳಿದು, ತಾನೇ ಎಣಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ. ಆಗ ಅಕ್ಷಹೃದಯವೆಂಬ ಆ ವಿದ್ಯೆಯನ್ನು ಬೇಡಿ ಪಡೆಯುತ್ತಾನೆ. ವಿದ್ಯೆ ಕೈಗೆ ಬಂದ ಕ್ಷಣ ಕಲಿ ಮೈಯಿಂದ ಹೊರಬೀಳುತ್ತಾನೆ. (ಬದಲಿಗೆ ನಳ ಕೊಡುವುದು ಅಶ್ವಹೃದಯವನ್ನು. ಎಲ್ಲ ಸೋತವನಲ್ಲೂ ಸೋಲದ ವಿದ್ಯೆಯೊಂದು ಉಳಿದಿತ್ತು. ಕೆಲಸದ ನಡುವೆ ಆಡುವ ಹವ್ಯಾಸಿಗಳು ಇದನ್ನು ಗಮನಿಸಬೇಕು.)

ಕಲಿಯನ್ನು ಓಡಿಸಿದ ಈ ಎಣಿಕೆಯನ್ನು ಚೆಸ್ ಆಟಗಾರರು ಬಲ್ಲರು. ಕ್ಲಾಸಿಕಲ್ ಟೂರ್ನಿಗಳಲ್ಲಿ ಪ್ರತಿ ನಡೆಯನ್ನೂ ಆಟಗಾರರೇ ಬರೆದುಕೊಳ್ಳಬೇಕೆಂಬುದು ನಿಯಮ. ಹಾಗಾಗಿ ಸೋಲಿನ ದಾಖಲೆ ಸೋತವರ ಕೈಬರಹದಲ್ಲೇ ಇರುತ್ತದೆ. ಆ ಹಾಳೆಯನ್ನು ಮಡಚಿ ಜೇಬಿಗಿಟ್ಟು ಮರೆಯಬಹುದು. ರಥ ನಿಲ್ಲಿಸಿ ಎಣಿಸಲೂಬಹುದು. ಐದು ಸೋಲುಗಳ ಹಾಳೆಗಳನ್ನು ಒಟ್ಟಿಗೆ ಹರಡಿ ಕೂತವರಿಗೆ ಐದೂ ಬೇರೆ ಬೇರೆ ದುರದೃಷ್ಟವಾಗಿ ಕಾಣುವುದು ಅಪರೂಪ. ಒಂದೇ ಬಗೆಯ ಅಂತ್ಯದಾಟ ಮೂರು ಕಡೆ ಕೆಟ್ಟಿರುತ್ತದೆ, ಅಥವಾ ಗಡಿಯಾರದಲ್ಲಿ ಐದು ನಿಮಿಷ ಉಳಿದಾಗಲೆಲ್ಲ ಕೈ ಎಡವಿರುತ್ತದೆ.

ಇಷ್ಟು ಹೇಳಿಯೂ ನಳೋಪಾಖ್ಯಾನದ ಎರಡು ಕೊರತೆಗಳನ್ನು ಹೇಳದಿರಲಾರೆ. ಒಂದು, ಸೋಲುವ ಅನುಭವ ಅಲ್ಲಿಲ್ಲ. ಅಷ್ಟು ತಿಂಗಳ ಆಟ ಚುಟುಕಾಗಿ ಮುಗಿದುಹೋಗುತ್ತದೆ. ಅದು ಬೇಕಾದರೆ ಕುಮಾರವ್ಯಾಸನ ಸಭಾಪರ್ವಕ್ಕೆ ಹೋಗಬೇಕು. ಅಲ್ಲಿ ಪಣದ ಮೇಲೆ ಪಣ ಏರುತ್ತದೆ, ಪ್ರತಿ ಸೋಲೂ ಮುಂದಿನ ಪಣವನ್ನು ತಾನೇ ಕೇಳುತ್ತದೆ. ಒಂದು ಸುತ್ತು ಸೋತ ಕೂಡಲೇ ಮುಂದಿನ ಸುತ್ತಿನಲ್ಲಿ ಹೇಗಾದರೂ ಗೆಲ್ಲಲೇಬೇಕೆಂದು ಕೂರುವವರ ಮನಸ್ಸು ನನಗೆ ಇಷ್ಟು ನಿಖರವಾಗಿ ಬೇರೆಲ್ಲೂ ಸಿಕ್ಕಿಲ್ಲ. ಕಳೆದದ್ದೆಲ್ಲ ಮರಳಿ ಕೈಸೇರಿದ ಮೇಲೂ ಧರ್ಮರಾಯ ಮತ್ತೆ ಆಟಕ್ಕೆ ಕೂರುತ್ತಾನಲ್ಲ, ಆ ಅನುದ್ಯೂತವನ್ನು ನಾವು ಓದುವಾಗ ಬೇಗ ದಾಟಿಬಿಡುತ್ತೇವೆ.

ಎರಡು, ನಳನಿಗೆ ಗೆಲುವು ತೀರಾ ಸಲೀಸಾಗಿ ಸಿಗುತ್ತದೆ. ಒಂದೇ ಪಣದಲ್ಲಿ ರಾಜ್ಯ ವಾಪಸ್. ಫಿಡೆ ರೇಟಿಂಗ್‌ನಲ್ಲಿ ಅಂಥ ಪಣವಿಲ್ಲ. 2400 ಮುಟ್ಟದ, 30 ಆಟ ದಾಟಿದ ವಯಸ್ಕ ಆಟಗಾರ ಸರಿಸಮ ರೇಟಿಂಗ್‌ನವರಿಗೆ ಸೋತರೆ 10 ಅಂಕ ಹೋಗುತ್ತದೆ, ಗೆದ್ದರೆ 10 ಬರುತ್ತದೆ. ಹೋದ ಐವತ್ತು ಹತ್ತುಹತ್ತಾಗಿಯೇ ಬರಬೇಕು.

ನಳನ ಕಥೆಯನ್ನು ಬೃಹದಶ್ವ ಋಷಿ ಹೇಳುವುದು ಕಾಡಿನಲ್ಲಿರುವ ಧರ್ಮರಾಯನಿಗೆ. ಕಥೆ ಮುಗಿಸಿ ಅವನಿಗೂ ಅಕ್ಷಹೃದಯವನ್ನು ಕಲಿಸುತ್ತಾನೆ. ಮುಂದೆ ಧರ್ಮರಾಯ ವಿರಾಟನ ಆಸ್ಥಾನ ಸೇರುವುದು ದಾಳ ಬಲ್ಲ ಕಂಕನಾಗಿ. ಅಲ್ಲಿ ಅವನು ಕುರುರಾಜರ ಎದುರು ಕೂತಿಲ್ಲ, ಕಳೆದದ್ದನ್ನು ಗೆದ್ದುಕೊಳ್ಳುತ್ತಲೂ ಇಲ್ಲ. ಒಂದು ದಿನ ಸಿಟ್ಟಿಗೆದ್ದ ವಿರಾಟ ಅದೇ ದಾಳವನ್ನು ಅವನ ಮುಖಕ್ಕೆಸೆಯುತ್ತಾನೆ. ಮೂಗಿನಿಂದ ಸುರಿದ ನೆತ್ತರನ್ನು ಸೈರಂಧ್ರಿ ಪಾತ್ರೆಯೊಡ್ಡಿ ಹಿಡಿಯುತ್ತಾಳೆ.